ಉಗ್ರಾಣದ ಬೆಕ್ಕಿಗೆ ವಯಸ್ಸೆಷ್ಟು, ಊಟವೆಷ್ಟು?

ಕಾಫಿ ಚೀಲ, ಅಡಿಕೆ ಮೂಟೆ, ಬಿತ್ತನೆಯ ಭತ್ತ ಇರುವ ಮನೆಯಲ್ಲಿ ಬೆಕ್ಕು ಇಲ್ಲದಿರುವುದು ಅಪರೂಪ. ದನಕ್ಕೆ ಹಿಂಡಿ ಎಷ್ಟು, ಗಿಡಕ್ಕೆ ಗೊಬ್ಬರ ಎಷ್ಟು ಎಂದು ಲೆಕ್ಕವಿಡುವ ನಾವು ಬೆಕ್ಕಿನ ಬಗ್ಗೆ ಮಾತ್ರ ಲೆಕ್ಕವಿಟ್ಟವರಲ್ಲ. ‘ಅದರ ಹೊಟ್ಟೆ ಅದೇ ಹೊರೆದುಕೊಳ್ಳುತ್ತದೆ’ ಎಂದು ಬಿಟ್ಟವರು. ಹಾಗೆ ಬಿಟ್ಟವರಲ್ಲಿ ನಾನೂ ಒಬ್ಬ.

ಕಳೆದ ಮಳೆಗಾಲ ಮುಗಿದ ಮೇಲೆ ಉಗ್ರಾಣ ತೆರೆದಾಗ ಐದಾರು ಚೀಲಗಳಿಗೆ ಇಲಿ ತೂತು ಬಿದ್ದಿತ್ತು. ಮನೆಯ ಬೂದು ಬೆಕ್ಕು ಮಾತ್ರ ಒಲೆಯ ಬದಿ ಬಿಟ್ಟು ಏಳುತ್ತಿರಲಿಲ್ಲ. ಕೆಲಸಕ್ಕೆ ಬಾರದ ಬೆಕ್ಕನ್ನು ಗೋಣಿಯಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟು ಬರುವುದೆಂದು ತೀರ್ಮಾನವಾಯಿತು. ಅಂದು ಕರುವನ್ನು ನೋಡಲು ಬಂದಿದ್ದ ಪಶುವೈದ್ಯರು ಬೆಕ್ಕಿನ ಬಾಯಿ ತೆರೆದು ನೋಡಿ, “ಇದು ಹುಟ್ಟಿದ್ದು ಯಾವಾಗ?” ಎಂದು ಕೇಳಿದರು. ಮಗಳ ಮದುವೆಯ ವರ್ಷ, ಅಟ್ಟದ ಮೇಲೆ. ಅಂದರೆ 13 ವರ್ಷ. “ಹಾಗಾದರೆ ಇವಳು ನಿಮಗಿಂತ ಹಿರಿಯಳು” ಎಂದರು.

ವಯಸ್ಸಿನ ಲೆಕ್ಕ

ಬೆಕ್ಕಿನ ಒಂದು ವರ್ಷ ಮನುಷ್ಯನ ಏಳು ವರ್ಷಕ್ಕೆ ಸಮ ಎಂಬ ಮಾತು ರೂಢಿಯಲ್ಲಿದೆ. ಅದು ಸರಿಯಲ್ಲ. ಆರು ತಿಂಗಳಿಗೇ ಗಬ್ಬವಾಗಬಲ್ಲ ಪ್ರಾಣಿಗೆ ಮೊದಲ ವರ್ಷ ಬಹಳ ಬೇಗ ಓಡುತ್ತದೆ. ಪಶುವೈದ್ಯರು ಬಳಸುವ ಲೆಕ್ಕ ಹೀಗಿದೆ: ಮೊದಲ ವರ್ಷಕ್ಕೆ 15, ಎರಡನೆಯ ವರ್ಷಕ್ಕೆ 9, ಅಲ್ಲಿಗೆ 24. ಆಮೇಲೆ ಪ್ರತಿ ವರ್ಷಕ್ಕೆ 4. ಏಳು ವರ್ಷದ ಬೆಕ್ಕಿಗೆ 44, ಹತ್ತು ವರ್ಷದ್ದಕ್ಕೆ 56. ನಮ್ಮದಕ್ಕೆ 24ಕ್ಕೆ 44 ಕೂಡಿಸಿ 68. ನನಗೆ 66!

ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಹಲ್ಲು ನೋಡಬೇಕು. ಮೂರನೆಯ ವಾರದ ಹೊತ್ತಿಗೆ ಹಾಲುಹಲ್ಲು ಮೂಡತೊಡಗುತ್ತದೆ, ಒಟ್ಟು 26. ನಾಲ್ಕನೆಯ ತಿಂಗಳ ಸುಮಾರಿಗೆ ಅವು ಬೀಳತೊಡಗಿ, ಏಳು ತಿಂಗಳೊಳಗೆ 30 ಶಾಶ್ವತ ಹಲ್ಲುಗಳು ಬರುತ್ತವೆ. ಬಿಳಿಯಾಗಿ ಹೊಳೆಯುತ್ತಿದ್ದರೆ ಸಾಮಾನ್ಯವಾಗಿ ವರ್ಷದೊಳಗಿನದು. ಹಿಂದಿನ ಹಲ್ಲುಗಳಿಗೆ ಹಳದಿ ಹತ್ತಿದ್ದರೆ ಒಂದೆರಡು ವರ್ಷದ್ದು. ಎಲ್ಲ ಹಲ್ಲಿಗೂ ಪಾಚಿ ಕಟ್ಟಿ ಸವೆತ ಕಂಡರೆ ಐದು ದಾಟಿರಬಹುದು. ಇದು ಅಂದಾಜು ಮಾತ್ರ. ಅಮೆರಿಕದ ಟೆಕ್ಸಾಸಿನ ಒಂದು ಬೆಕ್ಕು 1967ರಲ್ಲಿ ಹುಟ್ಟಿ 2005ರವರೆಗೆ, 38 ವರ್ಷ ಬದುಕಿ ಗಿನ್ನೆಸ್ ದಾಖಲೆ ಸೇರಿದೆ.

ಊಟದ ಲೆಕ್ಕ

ನಾಲ್ಕು ಕಿಲೋ ತೂಗುವ ದೊಡ್ಡ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 240 ಕ್ಯಾಲೊರಿ ಬೇಕು. ಒಂದು ಸುಂಡಿಲಿಯಿಂದ ಸಿಗುವುದು ಸುಮಾರು 30. ಅಂದರೆ ಬೇಟೆಯಿಂದಲೇ ಹೊಟ್ಟೆ ತುಂಬಬೇಕಾದರೆ ದಿನಕ್ಕೆ ಏಳೆಂಟು ಇಲಿ ಸಿಗಬೇಕು. ಯಾವ ಬೆಕ್ಕಿಗೆ ದಿನವೂ ಅಷ್ಟು ಸಿಕ್ಕೀತು?

ನಾವು ಹಾಕುವುದು ಹಾಲು ಅನ್ನ. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ಬೆಕ್ಕು ಹುಟ್ಟು ಮಾಂಸಾಹಾರಿ. ಟಾರಿನ್ ಎಂಬ ಸತ್ವ ಅದಕ್ಕೆ ಮಾಂಸ, ಮೀನಿನಿಂದಲೇ ಸಿಗಬೇಕು. ಅದು ಸಾಲದಿದ್ದರೆ ಕಣ್ಣು ಕೆಡುತ್ತದೆಂದು 1975ರಲ್ಲಿ, ಹೃದಯ ಸೋಲುತ್ತದೆಂದು 1987ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು.

ಒಂದು ಬೇಯಿಸಿದ ಮೊಟ್ಟೆ, 60–70 ಗ್ರಾಂ ಬೇಯಿಸಿದ ಬೂತಾಯಿ ಮೀನು, ಎರಡು ಚಮಚ ಅನ್ನ: ದಿನದ ಲೆಕ್ಕ ಹೆಚ್ಚುಕಡಿಮೆ ಮುಗಿಯಿತು. ಇದನ್ನು ಎರಡು ಹೊತ್ತಿಗೆ ಹಂಚಿ ಹಾಕಿ. ನಡುನಡುವೆ ಕೋಳಿಮಾಂಸ, ಈಲಿ ಸಿಕ್ಕಿದರೆ ಒಳ್ಳೆಯದು. ಮರಿ ಹಾಕಿದ ತಾಯಿಗೆ ಇದರ ಎರಡು ಮೂರು ಪಟ್ಟು ಬೇಕು. ಉಪ್ಪುಮೀನು, ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರು, ಕಾಫಿ ಬೇಡ. ಜ್ವರದ ಪ್ಯಾರಸಿಟಮಾಲ್ ಮಾತ್ರೆ ಬೆಕ್ಕಿಗೆ ವಿಷ. ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು.

ಹಸಿದ ಬೆಕ್ಕೇ ಇಲಿ ಹಿಡಿಯುವುದೆ?

ಇದೇ ನಮ್ಮ ದೊಡ್ಡ ತಪ್ಪು ತಿಳಿವಳಿಕೆ. ಬೇಟೆಯ ಬುದ್ಧಿ ಬೇರೆ, ಹಸಿವು ಬೇರೆ. ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ. ಹಸಿದದ್ದು ಊಟ ಹುಡುಕಿ ದೂರ ಹೋಗುತ್ತದೆ. ಇಂಗ್ಲೆಂಡಿನ ಹೊಲಮನೆಗಳಲ್ಲಿ ಇದನ್ನು ಪರೀಕ್ಷಿಸಿದ ಚಾರ್ಲ್ಸ್ ಎಲ್ಟನ್ ಎಂಬ ಜೀವವಿಜ್ಞಾನಿ 1953ರಲ್ಲಿ ವರದಿ ಮಾಡಿದರು. ತುಂಬಿಕೊಂಡ ಇಲಿಗಳನ್ನು ಬೆಕ್ಕು ನಿರ್ಮೂಲ ಮಾಡಲಾರದು. ಮೊದಲು ಇಲಿಗಳನ್ನು ತೆಗೆದು, ಬೆಕ್ಕಿಗೆ ಮನೆಯಲ್ಲೇ ಊಟ ಹಾಕಿದರೆ, ಅವು ಮತ್ತೆ ಬರದಂತೆ ಕಟ್ಟಡವನ್ನು ಕಾಯಬಲ್ಲದು.

ಆದರೆ ಇಲಿ ತೆಗೆಯಲು ಬ್ರೋಮಾಡಿಯೊಲೋನ್ ಇಟ್ಟವರು ಎಚ್ಚರದಿಂದಿರಬೇಕು. ವಿಷ ತಿಂದ ಇಲಿಯನ್ನು ತಿಂದ ಬೆಕ್ಕಿಗೂ ರಕ್ತಸ್ರಾವವಾಗಬಹುದು. ಸತ್ತ ಇಲಿಗಳನ್ನು ದಿನವೂ ಹೆಕ್ಕಿ ಆಳವಾಗಿ ಹೂಳಿ. ಬೆಕ್ಕು ಮಂಕಾಗಿ ಒಸಡು ಬಿಳಿಚಿಕೊಂಡರೆ ಕೂಡಲೇ ವೈದ್ಯರಲ್ಲಿಗೆ ಒಯ್ಯಿರಿ. ಕೆ1 ಜೀವಸತ್ವ ಇದಕ್ಕೆ ಮದ್ದು. ಉಗ್ರಾಣದೊಳಗೆ ಬೋನು ಇಡುವುದು ಎಲ್ಲಕ್ಕಿಂತ ಕ್ಷೇಮ.

ನಮ್ಮ ಬೆಕ್ಕು ಹೊಳೆಯಾಚೆ ಹೋಗಲಿಲ್ಲ. ಅದರ ಎರಡು ಹಲ್ಲು ಕೊಳೆತಿದ್ದವು. ತಿನ್ನಲಾಗದೆ ಸೊರಗಿದ್ದನ್ನು ನಾವು ಸೋಮಾರಿತನವೆಂದು ತಿಳಿದಿದ್ದೆವು. ಹಲ್ಲು ಕೀಳಿಸಿ, ಮೀನನ್ನು ಮುಳ್ಳು ತೆಗೆದು ಹಿಸುಕಿ ಹಾಕುತ್ತಿದ್ದೇವೆ. ಮೈ ತುಸು ತುಂಬಿಕೊಂಡಿದೆ. ಉಗ್ರಾಣಕ್ಕೆ ನಾಲ್ಕು ಬೋನು ಇಟ್ಟು, ಪಕ್ಕದ ಮನೆಯಿಂದ ಒಂದು ಹರೆಯದ ಬೆಕ್ಕು ತಂದಿದ್ದೇವೆ. ಒಲೆಯ ಬದಿಯ ಜಾಗ ಮಾತ್ರ ಹಿರಿಯಳದೇ. ಹದಿಮೂರು ಸುಗ್ಗಿ ಕಾದವಳಿಗೆ ಅಷ್ಟಾದರೂ ಸಲ್ಲಬೇಕಷ್ಟೆ.