ಚೀಲ ಅದೇ, ತೂಕ ಬೇರೆ

ಬೆಂಗಳೂರಿನ ಹಳೆಯ ಬಡಾವಣೆಯೊಂದರ ಮಾರುಕಟ್ಟೆ ಬೀದಿ. ತಿಂಗಳ ಮೊದಲ ವಾರದ ಸಂಜೆ. ಸಂಬಳ ಕೈಗೆ ಬಂದು ಮನೆಸಾಮಾನು ತರುವ ದಿನಗಳಾದ್ದರಿಂದ ಬೀದಿ ತುಂಬಿತ್ತು.

ಮೊದಲು ಸಿಕ್ಕಿದ್ದು ಹಾಲಿನ ಬೂತ್. ಇಲ್ಲಿ ಯಾರೂ ದರ ಕೇಳುತ್ತಿರಲಿಲ್ಲ, ಎಲ್ಲರಿಗೂ ಬಾಯಿಪಾಠ. 2024ರ ಜೂನ್‌ನಲ್ಲಿ ನಂದಿನಿ ಪ್ಯಾಕೆಟ್‌ಗೆ 50 ಮಿ.ಲೀ. ಸೇರಿಸಿ 2 ರೂಪಾಯಿ ಏರಿಸಿದ್ದರು. 2025ರ ಏಪ್ರಿಲ್‌ನಲ್ಲಿ ಆ 50 ಮಿ.ಲೀ. ಹೋಯಿತು, ಲೀಟರಿಗೆ 4 ರೂಪಾಯಿ ಏರಿತು. ಹೇಳಿಯೇ ಏರಿಸಿದ್ದರಿಂದ ಜನ ಗೊಣಗಿಕೊಂಡಾದರೂ ಲೆಕ್ಕ ಹೊಂದಿಸಿಕೊಂಡರು.

ಮುಂದೆ ತರಕಾರಿ ಅಂಗಡಿ. ಆಫೀಸಿನಿಂದ ನೇರ ಬಂದಂತಿದ್ದ ಮಹಿಳೆಯೊಬ್ಬರು ಹುರುಳಿಕಾಯಿ ಕಾಲು ಕೆ.ಜಿ. ಕೇಳಿದರು.

"ಅರ್ಧ ತಗೊಳ್ಳಿ ಅಮ್ಮಾ, ಐದು ರೂಪಾಯಿ ಬಿಟ್ಕೊಡ್ತೀನಿ."

"ಕಾಲೇ ಸಾಕಪ್ಪಾ."

ತೆಂಗಿನಕಾಯಿ ತೂಕದ ಮೇಲೆ ಮಾರುತ್ತಿದ್ದರು. ಆಕೆ ಒಂದನ್ನು ತಕ್ಕಡಿಗಿಟ್ಟು, ತೆಗೆದು, ಇನ್ನೂ ಸಣ್ಣದನ್ನು ಇಟ್ಟರು. ಅವರ ಮನೆಯಲ್ಲಿ ಎಷ್ಟು ಜನರೋ ನನಗೆ ಗೊತ್ತಿಲ್ಲ. ಇಬ್ಬರೇ ಇದ್ದರೆ ಅಷ್ಟು ಸಾಕಾಗಲೂಬಹುದು. ಆದರೆ ನಾನು ಅಲ್ಲಿ ನಿಂತಿದ್ದಷ್ಟು ಹೊತ್ತೂ 'ಕಾಲು' ಎಂಬ ಮಾತೇ ಹೆಚ್ಚು ಕಿವಿಗೆ ಬಿತ್ತು.

ತಿರುವಿನಲ್ಲಿ ದಿನಸಿ ಅಂಗಡಿ. ಎಣ್ಣೆಯ ಸಾಲಿನ ಮುಂದೆ ನಿಂತೆ. ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಆಮದು ಸುಂಕ ಏರಿದಾಗ ಅದರ ಬಿಸಿ ಒಗ್ಗರಣೆಯವರೆಗೂ ತಟ್ಟಿತ್ತು. ಎರಡು ಸೂರ್ಯಕಾಂತಿ ಎಣ್ಣೆ ಪ್ಯಾಕೆಟ್‌ಗಳನ್ನು ಕೈಗೆತ್ತಿಕೊಂಡೆ. ನೋಡಲು ಒಂದೇ ಗಾತ್ರ. ತಿರುಗಿಸಿದರೆ ಒಂದರ ಮೇಲೆ 910 ಗ್ರಾಂ, ಅಂದರೆ ಒಂದು ಲೀಟರ್. ಇನ್ನೊಂದರ ಮೇಲೆ 850 ಗ್ರಾಂ. ತಿಂಗಳಿಗೆ ನಾಲ್ಕು ಪ್ಯಾಕೆಟ್ ಒಯ್ಯುವ ಮನೆಗೆ ಕಾಲು ಲೀಟರಿಗಿಂತ ಹೆಚ್ಚು ಖೋತಾ. ಇಂಥ ಸಾಮಾನನ್ನು ಗೊತ್ತುಪಡಿಸಿದ ಅಳತೆಯಲ್ಲೇ ತುಂಬಬೇಕೆಂಬ ನಿಯಮ 2022ರಲ್ಲಿ ಹೋಯಿತು. ಬದಲಿಗೆ ಗ್ರಾಂ ಲೆಕ್ಕದ ದರ ಮುದ್ರಿಸುವುದು ಕಡ್ಡಾಯವಾಯಿತು. ಮುದ್ರಿಸಿದ್ದರು, ನಿಜ. ಅಂಚಿನಲ್ಲಿ, ಕನ್ನಡಕ ಹಾಕಿಕೊಂಡರೂ ಕಣ್ಣು ಕಿರಿದು ಮಾಡಿ ಓದಬೇಕಾದ ಅಕ್ಷರದಲ್ಲಿ.

ಬೀದಿಯ ಕೊನೆಗೆ, ಮಹಡಿಯ ಮೇಲೆ ಚಿನ್ನದ ಸಾಲದ ಕಚೇರಿ. 10 ಗ್ರಾಂ ಚಿನ್ನ 2025ರಲ್ಲಿ ಲಕ್ಷ ರೂಪಾಯಿ ದಾಟಿದ ಮೇಲೆ ಅದೇ ಬಳೆಗೆ ಹೆಚ್ಚು ಸಾಲ ಹುಟ್ಟುತ್ತದೆ. ಶಾಲೆಯ ಬ್ಯಾಗು ಹಿಡಿದ ಮಗುವಿನೊಂದಿಗೆ ದಂಪತಿ ಮೆಟ್ಟಿಲು ಹತ್ತಿದರು. ಅಡವಿಡಲೋ ಬಿಡಿಸಿಕೊಳ್ಳಲೋ ತಿಳಿಯಲಿಲ್ಲ. ಕೇಳುವ ಮನಸ್ಸಾಗಲಿಲ್ಲ.

ಬೆಲೆ ಏರಿದರೆ ಜನ ಪ್ರಶ್ನಿಸುತ್ತಾರೆ. ತೂಕ ಇಳಿದರೆ, ಎಣ್ಣೆ ಬೇಗ ಮುಗಿಯಿತೇಕೆಂದು ಮನೆಯೊಳಗೇ ಒಬ್ಬರನ್ನೊಬ್ಬರು ಪ್ರಶ್ನಿಸುತ್ತಾರೆ. ಅಳೆದು ಸುರಿದು ಸಂಸಾರ ನಡೆಸುವವರಿಗೆ ಕನಿಷ್ಠ ಅಳತೆಯಾದರೂ ಸ್ಪಷ್ಟವಾಗಿ ಕಾಣಬೇಕು. ಬ್ರ್ಯಾಂಡಿನ ಹೆಸರಿನಷ್ಟೇ ದೊಡ್ಡದಾಗಿ ಗ್ರಾಂ ದರವನ್ನೂ ಮುದ್ರಿಸಲಿ. ಸಂಬಳ ಏರಿಸುವಷ್ಟು ಕಷ್ಟದ ಕೆಲಸವೇನೂ ಅಲ್ಲ ಅದು.