ಬೆಳವಣಿಗೆ ಹಾರ್ಮೋನಿನ ರಕ್ತಪರೀಕ್ಷೆ: ಹೆತ್ತವರು ಅರಿಯಬೇಕಾದುದು

ಶಾಲೆಯ ಪ್ರಾರ್ಥನೆಯಲ್ಲಿ ಮಕ್ಕಳನ್ನು ಎತ್ತರಕ್ಕೆ ತಕ್ಕಂತೆ ಸಾಲಾಗಿ ನಿಲ್ಲಿಸುವುದು ವಾಡಿಕೆ. ವರ್ಷ ವರ್ಷವೂ ಸಾಲಿನ ಮೊದಲಲ್ಲಿಯೇ ನಿಲ್ಲುವ ಮಗುವನ್ನು ಕಂಡು ಹೆತ್ತವರು ಚಿಂತಿಸುವುದು ಸಹಜ. ಕೆಲವರು ‘ತಡವಾಗಿ ಬೆಳೆದೀತು’ ಎಂದು ಸುಮ್ಮನಾಗುತ್ತಾರೆ. ಕೆಲವರು ಜಾಹೀರಾತಿನ ಪುಡಿಗಳನ್ನು ಕೊಳ್ಳುತ್ತಾರೆ. ಇನ್ನು ಕೆಲವರು ತೆಲಸಂಗದಂತಹ ಊರುಗಳಿಂದ ವಿಜಯಪುರಕ್ಕೋ ಮೀರಜಿಗೋ ಹೋದಾಗ ವೈದ್ಯರನ್ನು ಕೇಳದೆಯೇ ಲ್ಯಾಬಿನಲ್ಲಿ ಹಾರ್ಮೋನ್ ಪರೀಕ್ಷೆ ಮಾಡಿಸಿ ಬರುತ್ತಾರೆ. ಈ ಮೂರರಿಂದಲೂ ಅಮೂಲ್ಯವಾದ ಕಾಲ ಕಳೆದುಹೋಗಬಹುದು.

ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಬೆಳವಣಿಗೆ ಹಾರ್ಮೋನನ್ನು ಸ್ರವಿಸುತ್ತದೆ. ಆದರೆ ಒಂದೇ ಸಮನೆ ಅಲ್ಲ. ಅಲೆ ಅಲೆಯಾಗಿ, ವಿಶೇಷವಾಗಿ ಗಾಢನಿದ್ರೆಯಲ್ಲಿ. ನಮ್ಮ ಹೊಲಗಳ ಬೋರವೆಲ್ ನೆನೆಯೋಣ. ತ್ರೀಫೇಸ್ ವಿದ್ಯುತ್ತು ರಾತ್ರಿ ಬಂದಾಗ ನೀರು ಹರಿಯುತ್ತದೆ. ಮಧ್ಯಾಹ್ನ ಒಣಗಿದ ಕಾಲುವೆಯನ್ನು ನೋಡಿ ಬೋರಿನಲ್ಲಿ ನೀರೇ ಇಲ್ಲವೆಂದರೆ ತಪ್ಪಾಗುತ್ತದೆ. ಹಗಲಿನಲ್ಲಿ ಒಮ್ಮೆ ತೆಗೆದ ರಕ್ತದಲ್ಲಿ ಈ ಹಾರ್ಮೋನು ಕಡಿಮೆ ಕಂಡರೆ ಅದೂ ಅಷ್ಟೇ. ಆರೋಗ್ಯವಂತರಲ್ಲಿಯೂ ಹಾಗೆಯೇ ಇರುತ್ತದೆ.

ಈ ಹಾರ್ಮೋನಿನ ಪ್ರಭಾವದಿಂದ ಮುಖ್ಯವಾಗಿ ಯಕೃತ್ತಿನಲ್ಲಿ ಹುಟ್ಟುವ ಐಜಿಎಫ್-1 ಎಂಬ ವಸ್ತುವಿನ ಪ್ರಮಾಣ ದಿನವಿಡೀ ಹೆಚ್ಚುಕಡಿಮೆ ಸ್ಥಿರ. ಅದು ಹೊಲದ ತೇವವಿದ್ದಂತೆ. ಆದುದರಿಂದ ವೈದ್ಯರು ಮೊದಲು ಇದನ್ನು ನೋಡುತ್ತಾರೆ. ಆದರೆ ಪೌಷ್ಟಿಕತೆಯ ಕೊರತೆಯಿಂದಲೂ ಇದು ಕುಗ್ಗುವುದರಿಂದ ಇದೊಂದೇ ನಿರ್ಣಾಯಕವಲ್ಲ.

ರಕ್ತಕ್ಕಿಂತ ಮೊದಲು ಬೇಕಾದುದು ಅಳತೆ. ನಾಲ್ಕು ವರ್ಷದ ನಂತರ, ಪ್ರೌಢಾವಸ್ಥೆಯ ಮುಂಚೆ, ಮಗು ವರ್ಷಕ್ಕೆ ಸುಮಾರು 5ರಿಂದ 6 ಸೆಂ.ಮೀ. ಬೆಳೆಯಬೇಕು. 4 ಸೆಂ.ಮೀ.ಗಿಂತ ಕಡಿಮೆಯಾದರೆ ತೋರಿಸಲೇಬೇಕು. ರಕ್ತಹೀನತೆ, ಥೈರಾಯ್ಡ್ ಕೊರತೆ, ಮೂತ್ರಪಿಂಡದ ಹಾಗೂ ಕರುಳಿನ ರೋಗಗಳೂ ಬೆಳವಣಿಗೆಯನ್ನು ತಡೆಯುತ್ತವೆ. ಎಡಗೈಯ ಎಕ್ಸ್‌ರೇಯಿಂದ ಎಲುಬಿನ ವಯಸ್ಸು ತಿಳಿಯುತ್ತದೆ. ಹೆಣ್ಣುಮಗು ಗಿಡ್ಡಾದರೇನೆಂದು ಕಡೆಗಣಿಸುವುದು ಸಲ್ಲದು. ಟರ್ನರ್ ಸಿಂಡ್ರೋಮ್ ಇದ್ದರೆ ವರ್ಣತಂತುಗಳ ಪರೀಕ್ಷೆಯಿಂದಲೇ ಅದು ಖಚಿತವಾಗುತ್ತದೆ.

ಇಷ್ಟಾದ ಮೇಲೂ ಸಂಶಯ ಉಳಿದರೆ ಪ್ರಚೋದನಾ ಪರೀಕ್ಷೆ. ಮಗುವನ್ನು ರಾತ್ರಿಯಿಂದ ಉಪವಾಸವಿರಿಸಿ, ಕ್ಲೋನಿಡಿನ್ ಅಥವಾ ಗ್ಲುಕಗಾನ್‌ನಂತಹ ಔಷಧ ಕೊಟ್ಟು, ಎರಡು ಮೂರು ಗಂಟೆಗಳಲ್ಲಿ ಹಲವು ಸಲ ರಕ್ತ ತೆಗೆಯುತ್ತಾರೆ. ಒಂದೇ ಸೂಜಿನಾಳದಿಂದ ತೆಗೆಯುವುದರಿಂದ ಪದೇ ಪದೇ ಚುಚ್ಚುವುದಿಲ್ಲ. ರಕ್ತದೊತ್ತಡ ಅಥವಾ ಸಕ್ಕರೆಯಂಶ ಇಳಿಯಬಹುದಾದುದರಿಂದ ಇದು ಆಸ್ಪತ್ರೆಯಲ್ಲಿಯೇ ನಡೆಯಬೇಕು. ಸಾಮಾನ್ಯವಾಗಿ ಇಂತಹ ಎರಡು ಪರೀಕ್ಷೆಗಳಲ್ಲಿ ಹಾರ್ಮೋನು ಏರದಿದ್ದರೆ ಮಾತ್ರ ಕೊರತೆಯೆಂದು ತೀರ್ಮಾನ.

ದೊಡ್ಡವರಲ್ಲಿ ಕೈಕಾಲು, ದವಡೆ ದಪ್ಪವಾಗುತ್ತ ಹೋದರೆ ಹಾರ್ಮೋನು ಅತಿಯಾಗಿರಬಹುದು. ಆಗ 75 ಗ್ರಾಂ ಗ್ಲೂಕೋಸ್ ಕುಡಿಸಿ, ಹಾರ್ಮೋನು ತಗ್ಗುವುದೋ ಇಲ್ಲವೋ ಎಂದು ಪರೀಕ್ಷಿಸುತ್ತಾರೆ.

ಕೊರತೆ ಖಚಿತವಾದರೆ ಚಿಕಿತ್ಸೆಯಿದೆ. ಹಿಂದೆ ಮೃತರ ಪಿಟ್ಯುಟರಿಯಿಂದ ತೆಗೆಯುತ್ತಿದ್ದ ಈ ಹಾರ್ಮೋನನ್ನು 1985ರಿಂದ ಜೈವಿಕ ತಂತ್ರಜ್ಞಾನದಿಂದ ತಯಾರಿಸಲಾಗುತ್ತಿದೆ. ಹಲವು ವರ್ಷ ಚುಚ್ಚುಮದ್ದು ಕೊಡಬೇಕಾಗುತ್ತದೆ, ವೆಚ್ಚವೂ ಹೆಚ್ಚು. ಆದರೆ ಎಲುಬಿನ ತುದಿಗಳು ಕೂಡಿಕೊಂಡ ಮೇಲೆ ಯಾವ ಔಷಧದಿಂದಲೂ ಎತ್ತರ ಹೆಚ್ಚದು.

ಆದ್ದರಿಂದ ಪ್ರತಿ ಆರು ತಿಂಗಳಿಗೊಮ್ಮೆ ಮಗುವನ್ನು ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ ಅಳೆಯೋಣ, ದಿನಾಂಕದೊಡನೆ ಬರೆದಿಡೋಣ. ವೈದ್ಯರ ಬಳಿ ಹೋಗುವಾಗ ಆ ಚೀಟಿಯನ್ನು ಒಯ್ಯೋಣ. ಅವಸರದಲ್ಲಿ ಮಾಡಿಸಿದ ಒಂದು ರಕ್ತಪರೀಕ್ಷೆಗಿಂತ ಅದು ಹೆಚ್ಚು ಹೇಳುತ್ತದೆ.