ನವಮಂಗಳೂರು ಬಂದರೂ ಘಟ್ಟದ ದಾರಿಯೂ

ಅಯ್ಯಾವೊಳೆಯ ಐನೂರ್ವರೇ ಮೊದಲಾದ ವರ್ತಕಸಂಘಗಳ ಶಾಸನಗಳಲ್ಲಿ ಗ್ರಾಮ, ನಗರ, ಖೇಡ, ಖರ್ವಡ, ಮಡಂಬಗಳೊಡನೆ 'ದ್ರೋಣಾಮುಖ', 'ಪಟ್ಟಣ' ಎಂಬ ಎರಡು ಶಬ್ದಗಳೂ ಬರುತ್ತವೆ. ನದಿಯು ಕಡಲನ್ನು ಕೂಡುವ ಎಡೆಯ ಊರು ದ್ರೋಣಾಮುಖವೆಂದೂ, ಸರಕು ಬಂದಿಳಿದು ಮಾರಾಟವಾಗುವ ಎಡೆ ಪಟ್ಟಣವೆಂದೂ ಹಲವರು ವಿದ್ವಾಂಸರು ಅರ್ಥ ಹೇಳುತ್ತಾರೆ. 'ಬಂದರು' ಎಂಬುದು ಪಾರಸಿಯಿಂದ ಆಮೇಲೆ ಬಂದ ಮಾತು. ಐಹೊಳೆಯು ಕಡಲಿನಿಂದ ಬಹುದೂರದ ಒಳನಾಡಿನ ಊರು. ಅಲ್ಲಿಯ ವರ್ತಕರು ಕಡಲತಡಿಯ ಊರುಗಳನ್ನೂ ತಮ್ಮ ವ್ಯವಹಾರಕ್ಷೇತ್ರದಲ್ಲಿ ಎಣಿಸಿಕೊಂಡಿದ್ದರು. ಒಳನಾಡು ಮತ್ತು ಕಡಲತಡಿಗಳ ಈ ಸಂಬಂಧವು ಇಂದು ಹೇಗಿದೆಯೆಂಬುದನ್ನು ಅರಿಯಬೇಕಾದರೆ ಕರ್ನಾಟಕದ ಏಕೈಕ ಮಹಾಬಂದರಾದ ಪಣಂಬೂರಿನ ನವಮಂಗಳೂರು ಬಂದರನ್ನು ನೋಡಬೇಕು.

ಮಂಗಳೂರಿನ ಹಳೆಯ ಬಂದರು ಅಕ್ಷರಶಃ ದ್ರೋಣಾಮುಖವೇ ಆಗಿದ್ದಿತು. ನೇತ್ರಾವತಿ, ಗುರುಪುರ ನದಿಗಳು ಕೂಡುವಲ್ಲಿ ಅದರ ನೆಲೆ. ಹಂಚು, ಕಾಫಿ, ಗೋಡಂಬಿ, ಮೆಣಸುಗಳು ಅಲ್ಲಿಂದಲೇ ಹೊರಡುತ್ತಿದ್ದವು. ಆದರೆ ಅಳಿವೆಯಲ್ಲಿ ಮರಳು ತುಂಬಿ ನೀರಿನ ಆಳ ಸಾಲದೆ, ದೊಡ್ಡ ಹಡಗುಗಳು ಹೊರಗಡಲಿನಲ್ಲಿಯೇ ಲಂಗರು ಹಾಕಬೇಕಾಗಿತ್ತು. ಸರಕನ್ನು ದೋಣಿಗಳಲ್ಲಿ ಒಯ್ದು ತುಂಬಬೇಕು, ದೋಣಿಗಳಲ್ಲಿಯೇ ತರಬೇಕು. ಮುಂಗಾರು ಮೊಗವಿಟ್ಟಿತೆಂದರೆ ಅದೂ ಇಲ್ಲ. ಎಲ್ಲ ಋತುಗಳಲ್ಲಿಯೂ ಹಡಗು ದಡಕ್ಕೆ ಬರುವಂತಾಗಬೇಕೆಂದು ಲೋಕಸಭಾ ಸದಸ್ಯರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರು ಅವಿರತವಾಗಿ ದುಡಿದರು. ೧೯೬೫ರಲ್ಲಿ ಅವರು ತೀರಿಕೊಂಡಾಗ ಬಂದರು ಇನ್ನೂ ಆಗಿರಲಿಲ್ಲ. ಪಣಂಬೂರಿನ ಪರಿಸರದ ಕುಟುಂಬಗಳು ಮನೆ, ಗದ್ದೆಗಳನ್ನು ಬಿಟ್ಟುಕೊಟ್ಟ ನೆಲದಲ್ಲಿ ಕೊಳವನ್ನು ಅಗೆದು, ಕಡಲಿಗೆ ತಡೆಗೋಡೆಗಳನ್ನು ಕಟ್ಟಿ ನಿರ್ಮಿಸಿದ ಈ ಬಂದರು ೧೯೭೪ರಲ್ಲಿ ದೇಶದ ಒಂಬತ್ತನೆಯ ಮಹಾಬಂದರೆಂದು ಘೋಷಿತವಾಗಿ, ೧೯೭೫ರ ಜನವರಿ ೧೧ರಂದು ಪ್ರಧಾನಿ ಇಂದಿರಾ ಗಾಂಧಿಯವರಿಂದ ಉದ್ಘಾಟನೆಗೊಂಡಿತು.

ಬಂದರಿಗೆ ಮೊದಲ ಮೂರು ದಶಕಗಳ ಮುಖ್ಯ ಆಧಾರ ಕುದುರೆಮುಖದ ಕಬ್ಬಿಣದ ಅದಿರು. ಅದಿರನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, ಸುಮಾರು ೬೭ ಕಿಲೋಮೀಟರು ಉದ್ದದ ಕೊಳವೆಯಲ್ಲಿ ಘಟ್ಟದಿಂದ ಕಡಲತಡಿಗೆ ಹರಿಯಿಸುವ ಏರ್ಪಾಡು ಆಗಿನ ಕಾಲಕ್ಕೆ ಅಚ್ಚರಿಯದಾಗಿದ್ದಿತು. ಇರಾನ್ ದೇಶವನ್ನು ನೆಚ್ಚಿ ಆರಂಭಿಸಿದ ಯೋಜನೆ ಇದು. ೧೯೭೯ರ ಕ್ರಾಂತಿಯ ತರುವಾಯ ಆ ದೇಶ ಹಿಂದೆ ಸರಿದಾಗ ಬೇರೆ ಕೊಳ್ಳುವವರನ್ನು ಹುಡುಕಬೇಕಾಯಿತು. ಹುಡುಕಿದ್ದೂ ಆಯಿತು. ಆದರೆ ಅರಣ್ಯದ ರಕ್ಷಣೆಗಾಗಿ ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪಿನಂತೆ ೨೦೦೫ರ ಕೊನೆಗೆ ಗಣಿ ಮುಚ್ಚಿತು. ಬಳಿಕ ಬಳ್ಳಾರಿ ಸೀಮೆಯ ಅದಿರು ಲಾರಿಗಳಲ್ಲಿ ಘಟ್ಟವಿಳಿದು ಬರತೊಡಗಿತು. ೨೦೧೦ರ ಜುಲೈಯಲ್ಲಿ ರಾಜ್ಯ ಸರಕಾರವು ಅದಿರಿನ ರಫ್ತನ್ನು ತಡೆದುದರಿಂದ ಅದೂ ನಿಂತಿತು. ಅದಿರನ್ನು ಹೊರಗೆ ಕಳುಹುತ್ತಿದ್ದ ಪಣಂಬೂರಿನ ಉಂಡೆಗಟ್ಟುವ ಕಾರ್ಖಾನೆಗೆ ಮುಂದೆ ವಿಶಾಖಪಟ್ಟಣದಿಂದ ಹಡಗಿನಲ್ಲಿ ಅದಿರು ತರಿಸಬೇಕಾಯಿತೆಂಬುದು ವಿಪರ್ಯಾಸವೇ ಸರಿ. ಕಾಡು ಉಳಿದದ್ದು ಒಳಿತಾಯಿತು. ಒಂದೇ ಸರಕನ್ನು ನೆಚ್ಚಿದ ಬಂದರು ಎಷ್ಟು ಅಭದ್ರವಾದುದೆಂಬುದೂ ಆಗ ತಿಳಿಯಿತು.

ಅದಿರು ಬಿಟ್ಟ ತೆರವನ್ನು ತುಂಬಿದ್ದು ಎಣ್ಣೆ. ೧೯೯೬ರಲ್ಲಿ ಮಂಗಳೂರಿನ ತೈಲ ಶುದ್ಧೀಕರಣ ಕಾರ್ಖಾನೆ ಕೆಲಸವನ್ನಾರಂಭಿಸಿದಂದಿನಿಂದ ಕಚ್ಚಾ ಎಣ್ಣೆಯ ಆಮದು ಬೆಳೆಯಿತು. ಅಡಿಗೆ ಅನಿಲವೂ ಹೇರಳವಾಗಿ ಇಲ್ಲಿಯೇ ಇಳಿಯುತ್ತದೆ. ಬಯಲುಸೀಮೆಯ ಎಷ್ಟೋ ಮನೆಗಳ ಒಲೆ ಉರಿಯುವುದು ಈ ಧಕ್ಕೆಗೆ ಬಂದ ಅನಿಲದಿಂದ. ಉಡುಪಿಯ ಬಳಿಯ ವಿದ್ಯುದಾಗಾರಕ್ಕೆ ಕಲ್ಲಿದ್ದಲು ಬರುತ್ತದೆ. ೨೦೨೩-೨೪ರಲ್ಲಿ ಬಂದರಿನ ಒಟ್ಟು ಸರಕು ನಾಲ್ಕೂವರೆ ಕೋಟಿ ಟನ್ನುಗಳನ್ನು ಮೀರಿತು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅದಿರು ಕೊಳವೆಯಲ್ಲಿ ಘಟ್ಟವಿಳಿಯಿತು. ಪೆಟ್ರೋಲು, ಡೀಸೆಲುಗಳು ಕೊಳವೆಯಲ್ಲಿಯೇ ಘಟ್ಟವೇರಿ ಹಾಸನ, ಬೆಂಗಳೂರುಗಳನ್ನು ಸೇರುತ್ತವೆ. ಅನಿಲಕ್ಕೂ ಹಾಸನ, ಮೈಸೂರುಗಳ ಮಾರ್ಗವಾಗಿ ಕೊಳವೆಯುಂಟು. ಕಲ್ಲಿದ್ದಲಿಗಂತೂ ಘಟ್ಟವನ್ನೇರುವ ಪ್ರಮೇಯವೇ ಇಲ್ಲ. ಹರಿಯುವ ಸರಕಿಗೆ ಸಹ್ಯಾದ್ರಿಯು ಅಡ್ಡಿಯಾಗಲಿಲ್ಲ. ಹರಿಯದ ಸರಕಿನ ಗತಿಯೇ ಬೇರೆ.

ಹರಿಯದ ಸರಕು ಇಂದು ಲೋಕದಲ್ಲೆಲ್ಲ ಚಲಿಸುವುದು ಕಂಟೇನರ್ ಎಂಬ ಉಕ್ಕಿನ ಪೆಟ್ಟಿಗೆಯಲ್ಲಿ. ಅಮೆರಿಕದ ಲಾರಿ ಉದ್ಯಮಿ ಮಾಲ್ಕಮ್ ಮೆಕ್ಲೀನ್ ಎಂಬವನು ೧೯೫೬ರ ಏಪ್ರಿಲ್ ೨೬ರಂದು 'ಐಡಿಯಲ್ ಎಕ್ಸ್' ಎಂಬ ಹಡಗಿನಲ್ಲಿ ೫೮ ಪೆಟ್ಟಿಗೆಗಳನ್ನಿರಿಸಿ ನ್ಯೂಅರ್ಕಿನಿಂದ ಹ್ಯೂಸ್ಟನ್ನಿಗೆ ಕಳುಹಿದನು. ಅಂದಿನವರೆಗೆ ಹಮಾಲರು ಮೂಟೆಮೂಟೆಯಾಗಿ ಹೊತ್ತು ತುಂಬುತ್ತಿದ್ದ ಸರಕಿಗೆ ಟನ್ನಿಗೆ ಸುಮಾರು ೬ ಡಾಲರು ತಗಲುತ್ತಿದ್ದರೆ, ಪೆಟ್ಟಿಗೆಯನ್ನು ಯಂತ್ರದಿಂದೆತ್ತಿ ಇರಿಸುವುದಕ್ಕೆ ೧೬ ಸೆಂಟು ಸಾಕಾಯಿತೆಂದು ಲೆಕ್ಕ ಹೇಳುತ್ತಾರೆ. ಆ ಉಳಿತಾಯದಲ್ಲಿ ಸಾವಿರಾರು ಹಮಾಲರ ಕೂಲಿಯೂ ಸೇರಿತ್ತೆಂಬುದನ್ನು ಲೆಕ್ಕ ಬರೆದವರು ಅಷ್ಟಾಗಿ ನೆನೆಯುವುದಿಲ್ಲ. ಪೆಟ್ಟಿಗೆಯ ನಿಜವಾದ ಗುಣ ಅದರ ಅಳತೆಯಲ್ಲಿದೆ. ೨೦ ಅಡಿ ಉದ್ದ, ೮ ಅಡಿ ಅಗಲದ ಪೆಟ್ಟಿಗೆಯೊಂದನ್ನು ಮಾನವಾಗಿರಿಸಿಕೊಂಡು ಜಗತ್ತಿನ ಎಲ್ಲ ಬಂದರುಗಳೂ ಲೆಕ್ಕವಿಡುತ್ತವೆ. ಹಡಗು, ರೈಲು, ಲಾರಿ ಯಾವುದಕ್ಕಾದರೂ ಅದು ಹೊಂದುತ್ತದೆ. ತೋಟದ ಬಳಿ ಮುಚ್ಚಿ ಮುದ್ರೆಯೊತ್ತಿದ ಬಾಗಿಲು ಹೊರದೇಶದಲ್ಲಿ ತೆರೆಯುತ್ತದೆ.

ಪಣಂಬೂರಿನಲ್ಲಿ ಈ ಪೆಟ್ಟಿಗೆಗಳ ಸಂಖ್ಯೆ ೨೦೧೯-೨೦ರ ಹೊತ್ತಿಗೆ ವರ್ಷಕ್ಕೆ ಒಂದೂವರೆ ಲಕ್ಷದಷ್ಟಾಯಿತು. ಬಳಿಕ ೧೪ನೆಯ ಧಕ್ಕೆಯನ್ನು ಖಾಸಗಿ ಸಂಸ್ಥೆಯೊಂದಕ್ಕೆ ವಹಿಸಿ, ಪೆಟ್ಟಿಗೆಗಳಿಗೆಂದೇ ಯಂತ್ರಸಜ್ಜಿತವಾಗಿಸಲಾಗಿದೆ. ತೂಕದಲ್ಲಿ ಇವು ಬಂದರಿನ ಒಟ್ಟು ಸರಕಿನ ಹತ್ತರಲ್ಲಿ ಒಂದು ಪಾಲೂ ಆಗವು. ಆದರೆ ಎಣ್ಣೆಯ ಹಿಂದೆ ಇರುವುದು ಒಂದೆರಡು ದೊಡ್ಡ ಸಂಸ್ಥೆಗಳು. ಪೆಟ್ಟಿಗೆಯ ಹಿಂದೆ ಕೊಡಗು, ಚಿಕ್ಕಮಗಳೂರು, ಹಾಸನಗಳ ಕಾಫಿ ಬೆಳೆಗಾರರಿದ್ದಾರೆ, ಆಫ್ರಿಕದಿಂದ ಬಂದ ಗೇರುಬೀಜವನ್ನು ಸುಲಿದು ತಿರುಳು ತೆಗೆಯುವ ಸಾವಿರಾರು ಹೆಂಗಸರ ಕಾಯಕವಿದೆ.

ಹೀಗಿದ್ದೂ ಬೆಂಗಳೂರಿನ ಸಿದ್ಧ ಉಡುಪು, ಯಂತ್ರೋಪಕರಣಗಳ ಪೆಟ್ಟಿಗೆಗಳು ಬಹುಪಾಲು ಚೆನ್ನೈಯ ಕಡೆಗೆ ಹೋಗುತ್ತವೆ. ಬೆಂಗಳೂರಿನಿಂದ ಚೆನ್ನೈಗೂ ಮಂಗಳೂರಿಗೂ ದೂರ ಹೆಚ್ಚುಕಡಿಮೆ ಒಂದೇ, ೩೫೦ ಕಿಲೋಮೀಟರು. ಚೆನ್ನೈ ಬಂದರು ವರ್ಷಕ್ಕೆ ಹತ್ತು ಲಕ್ಷಕ್ಕೂ ಮಿಗಿಲಾದ ಪೆಟ್ಟಿಗೆಗಳನ್ನು ಕಾಣುತ್ತದೆ. ತರ್ಕಶಾಸ್ತ್ರದಲ್ಲಿ ಅನ್ಯೋನ್ಯಾಶ್ರಯವೆಂಬ ದೋಷವನ್ನು ಹೇಳುತ್ತಾರೆ. ಇಲ್ಲಿ ಆಗಿರುವುದು ಅದೇ: ಸರಕು ಸಾಲದೆಂದು ದೊಡ್ಡ ಹಡಗು ಬಾರದು, ದೊಡ್ಡ ಹಡಗು ಬಾರದೆಂದು ಸರಕು ಬಾರದು. ಪಣಂಬೂರಿನ ಪೆಟ್ಟಿಗೆಗಳು ಸಣ್ಣ ಹಡಗುಗಳಲ್ಲಿ ಕೊಲಂಬೊ ಮೊದಲಾದ ಎಡೆಗಳಿಗೆ ಹೋಗಿ, ಅಲ್ಲಿ ದೊಡ್ಡ ಹಡಗನ್ನೇರಬೇಕಾಗುತ್ತದೆ.

ಈ ದೋಷಕ್ಕೆ ಮೂಲ ಘಟ್ಟದಲ್ಲಿದೆ. ೧೯೭೯ರಲ್ಲಿ ಹಾಸನ-ಮಂಗಳೂರು ಮೀಟರ್‌ಗೇಜ್ ರೈಲುಮಾರ್ಗ ಸಿದ್ಧವಾಯಿತು. ಬೆಂಗಳೂರಿನಲ್ಲಿ ೧೯೮೧ರಲ್ಲಿಯೇ ಒಳನಾಡಿನ ಕಂಟೇನರ್ ನಿಲ್ದಾಣವು ಆರಂಭವಾಗಿ, ಚೆನ್ನೈಯ ಬಯಲುದಾರಿ ರೂಢಿಗೊಂಡಿತು. ಘಟ್ಟದ ಮಾರ್ಗವನ್ನಾದರೋ ಅಗಲಗೊಳಿಸುವ ಸಲುವಾಗಿ ೧೯೯೬ರಲ್ಲಿ ಮುಚ್ಚಲಾಯಿತು; ಅದು ಸರಕುಗಾಡಿಗಳಿಗೆ ಮರಳಿ ತೆರೆದದ್ದು ೨೦೦೬ರಲ್ಲಿ. ಪೆಟ್ಟಿಗೆಯ ವ್ಯಾಪಾರ ದೇಶದಲ್ಲೆಲ್ಲ ಹಬ್ಬಿದ್ದ ಆ ಹತ್ತು ವರ್ಷಗಳು ನವಮಂಗಳೂರಿಗೆ ತಪ್ಪಿಹೋದವು. ಇಂದಿಗೂ ಸಕಲೇಶಪುರ-ಸುಬ್ರಹ್ಮಣ್ಯಗಳ ನಡುವಣ ೫೫ ಕಿಲೋಮೀಟರುಗಳಲ್ಲಿ ೫೭ ಸುರಂಗಗಳಿದ್ದು, ೫೦ ಅಡಿಗೆ ಒಂದು ಅಡಿಯಂತೆ ಏರುವ ಮಾರ್ಗದಲ್ಲಿ ಗಾಡಿಗಳು ಮೆಲ್ಲನೆಯೇ ಸಾಗಬೇಕು. ಶಿರಾಡಿಯ ರಸ್ತೆಯನ್ನು ಕಾಂಕ್ರೀಟಿನಿಂದ ಭದ್ರಪಡಿಸಿದ್ದಾರೆ. ಸುರಂಗಮಾರ್ಗದ ಯೋಚನೆಯೂ ಬಹುಕಾಲದಿಂದ ನಡೆದಿದೆ. ೨೦೧೮ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ರಸ್ತೆಯೂ ರೈಲೂ ಎರಡೂ ನಿಂತುಹೋದವು. ೨೦೨೪ರ ಜುಲೈಯಲ್ಲಿ ಎಡಕುಮೇರಿಯ ಬಳಿ ರೈಲುಹಳಿಯ ಕೆಳಗಣ ಮಣ್ಣು ಮತ್ತೆ ಜರಿಯಿತು. ಅದನ್ನು ಸರಿಪಡಿಸುವವರೆಗೆ ಘಟ್ಟದ ಮೇಲಿನಿಂದ ಸರಕುಗಾಡಿ ಇಳಿಯಲಿಲ್ಲ.